ನಿನಗೆ ಹೇಗೆ ಗೊತ್ತು ಅಂತ ಕೇಳಿದರೆ

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಕಡೆಯವಳು, ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಚೆಗೆ ಒಂದು ಕತೆ ಬರೆದೆ. ನೀರಿಗಾಗಿ ಮನೆ ಹಿಂದಿನ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ನೀರು ಕಡಿಮೆಯಾಯಿತು ಅಂತ ಒಬ್ಬ ಹೆಂಗಸು ಕ್ಯಾಂಡಲ್ ಹಿಡಿದು ಒಳಗೆ ಹೋಗುತ್ತಾಳೆ. ಹೊರಗೆ ಬರುವಾಗ ಕಾಲವೇ ಬೇರೆಯಾಗಿರುತ್ತದೆ. ಓದಿದ ಹಿರಿಯರೊಬ್ಬರು, "ಹೆಂಗಸರು ತಮ್ಮ ಅನುಭವ ಬರೆದರೆ ಚಂದ, ಇದೆಲ್ಲ ಅಡಗೂಲಜ್ಜಿ ಕತೆ" ಅಂದರು. ಇಂಥ ಕತೆ ಬರೆದ ಹೆಂಗಸರು ಇದ್ದಾರಾ? ಯಾರನ್ನು ಓದಲಿ? ನಮ್ಮೂರಿನ ಸುರಂಗ, ಭೂತ, ತೋಟ ಇಟ್ಟುಕೊಂಡು ಬರೆದರೆ ಹೊರಗಿನವರಿಗೆ ಅರ್ಥ ಆಗುತ್ತಾ?

ಉತ್ತರ: ಇದ್ದಾರೆ. ತುಂಬಾ ಜನ ಇದ್ದಾರೆ. ಹೆಸರು ಹೇಳುವ ಮೊದಲು ಆ ಹಿರಿಯರ ಮಾತಿನ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಆ ಮಾತು ಹೊಸದಲ್ಲ. ನಿಮ್ಮ ಸೀಮೆಯಲ್ಲೇ ಬಹಳ ಹಿಂದೆ ಇನ್ನೊಬ್ಬ ಹುಡುಗಿಗೆ ಅದನ್ನು ಹೇಳಿ ಆಗಿದೆ.

ಮುಚ್ಚಿಲೋಟ್ ಭಗವತಿಯ ತೆಯ್ಯಂ, ನಮ್ಮ ಭೂತಕೋಲದಂಥದ್ದು, ನೋಡಿದ್ದೀರಾ? ಕಾಸರಗೋಡಿನ ದಕ್ಷಿಣ ಭಾಗದಿಂದ ಕಣ್ಣೂರಿನವರೆಗೂ ಕಟ್ಟುತ್ತಾರೆ. ಅವಳ ಕತೆ ಹೀಗೆ. ಅವಳು ಓದು ಬಲ್ಲ ಬ್ರಾಹ್ಮಣ ಹುಡುಗಿ, ಮದುವೆಯಾಗಿರಲಿಲ್ಲ. ವಾದಕ್ಕೆ ಬಂದ ಪಂಡಿತರನ್ನೆಲ್ಲ ಸೋಲಿಸಿದಳು. ಕೊನೆಗೆ ಅವರು ಕೇಳಿದರು, ನೋವುಗಳಲ್ಲಿ ದೊಡ್ಡದು ಯಾವುದು? ಹೆರಿಗೆಯ ನೋವು ಅಂದಳು. ಸುಖಗಳಲ್ಲಿ ದೊಡ್ಡದು? ಕಾಮ ಅಂದಳು. ಅಷ್ಟೇ ಸಾಕಾಯಿತು. ಮದುವೆಯಾಗದವಳಿಗೆ ಇದೆಲ್ಲ ಹೇಗೆ ಗೊತ್ತು? ಗೊತ್ತಿದೆ ಅಂದರೆ ಅನುಭವಿಸಿದ್ದಾಳೆ ಅಂತಲೇ ಅರ್ಥ. ಅವಳನ್ನು ಊರಿಂದ ಹೊರಗೆ ಹಾಕಿದರು. ಅವಳು ಬೆಂಕಿ ಹಾಕಿಕೊಂಡು ಅದರೊಳಗೆ ಹೋದಳು. ಎಣ್ಣೆ ಹೊತ್ತುಕೊಂಡು ಆ ದಾರಿಯಲ್ಲಿ ಬಂದ ಗಾಣಿಗನಿಗೆ ಎಣ್ಣೆ ಸುರಿ ಅಂದಳು, ಅವನು ಸುರಿದ. ಖಾಲಿ ಪಾತ್ರೆ ಹಿಡಿದು ಮನೆಗೆ ಹೋದರೆ ಅದರ ತುಂಬ ಎಣ್ಣೆ. ಆ ಮೇಲೆ ಅವಳು ದೈವವಾದಳು.

ನಾನು ಈ ಕತೆಯನ್ನು ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆ ಹುಡುಗಿ ಮಾಡಿದ ತಪ್ಪೇನು? ಊಹಿಸಿದಳು. ತಾನು ಅನುಭವಿಸದ್ದನ್ನು ಬುದ್ಧಿಯಿಂದ, ಮನಸ್ಸಿನಿಂದ ಮುಟ್ಟಿದಳು. ಕತೆ ಬರೆಯುವವರು ಮಾಡುವುದು ಇದನ್ನೇ ಅಲ್ವಾ? ಗಂಡಸು ಊಹಿಸಿ ಬರೆದರೆ ಕಲ್ಪನೆ ಅನ್ನುತ್ತಾರೆ. ಹೆಂಗಸು ಬರೆದರೆ "ಇದು ನಿನ್ನ ಮನೆಯದ್ದಾ?" ಅಂತ ಕೇಳುತ್ತಾರೆ. ನಾನು ಚಿಕ್ಕವಳಿದ್ದಾಗ, ಮಾತಾಡುವ ಬಾವಿಯ ಕತೆಯೊಂದನ್ನು ಒಂದು ಪತ್ರಿಕೆಗೆ ಕಳಿಸಿದ್ದೆ. ವಾಪಸ್ ಬಂತು. ಜೊತೆಗೆ ಒಂದು ಚೀಟಿ: ನಿಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದನ್ನು ಬರೆದು ಕಳಿಸಿ. ಆಮೇಲೆ ಎಷ್ಟೋ ವರ್ಷ ನಾನು ಬಾವಿಯ ಹತ್ತಿರ ಹೋಗಲಿಲ್ಲ, ಕತೆಯಲ್ಲಿ. ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟು ಉದ್ದದ ಉತ್ತರ.

ಮೊದಲು ಓದಬೇಕಾದವರು ರೊಕೆಯಾ ಸಖಾವತ್ ಹುಸೇನ್. 1880ರಲ್ಲಿ ಈಗಿನ ಬಾಂಗ್ಲಾದೇಶದ ರಂಗಪುರದ ಕಡೆ ಹುಟ್ಟಿದವರು. ಪರದೆಯೊಳಗೆ ಬೆಳೆದರು. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಂಗಾಳಿ, ಇಂಗ್ಲಿಷ್ ಕಲಿಸುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಅಣ್ಣ ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ ಹಚ್ಚಿ ಕಲಿಸಿದ. ಅವರು ಬರೆದ ‘ಸುಲ್ತಾನಾಸ್ ಡ್ರೀಮ್’ ಅನ್ನುವ ಕತೆ 1905ರಲ್ಲಿ ಬಂತು. ಎಲ್ಲಿ ಬಂತು ಗೊತ್ತಾ? ಮದ್ರಾಸಿನ ‘ದಿ ಇಂಡಿಯನ್ ಲೇಡೀಸ್ ಮ್ಯಾಗಝಿನ್’ನಲ್ಲಿ. ಆಗ ನಿಮ್ಮ ಪೆರ್ಲ, ಕುಂಬಳೆ, ಕಾಸರಗೋಡು ಎಲ್ಲ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ಅಂದರೆ ಈ ಕತೆ ಮೊದಲು ಅಚ್ಚಾದದ್ದು ನಮ್ಮದೇ ಪ್ರಾಂತ್ಯದ ರಾಜಧಾನಿಯಲ್ಲಿ. ಸುಮ್ನೆ ದೂರದ ಬಂಗಾಳದ್ದು ಅಂತ ಪಕ್ಕಕ್ಕಿಡಬೇಡಿ.

ಕತೆಯಲ್ಲಿ ಒಬ್ಬಳು ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸಿ ಬೇರೆ ದೇಶಕ್ಕೆ ಹೋಗುತ್ತಾಳೆ. ಅಲ್ಲಿ ಹೆಂಗಸರು ಬೀದಿಯಲ್ಲಿ ಓಡಾಡುತ್ತಾರೆ, ಗಂಡಸರು ಮನೆಯೊಳಗೆ ಇರುತ್ತಾರೆ. ಇವಳು ನಾಚಿಕೊಂಡು ನಡೆಯುವಾಗ ಅಲ್ಲಿನ ಹೆಂಗಸರು ನಗುತ್ತಾರೆ: ಇವಳೇನು ಗಂಡಸಿನ ಹಾಗೆ! ಅಲ್ಲಿ ಗಂಡಸರ ಹಾಗೆ ಅಂದರೆ ನಾಚಿಕೆ, ಅಂಜಿಕೆ. ಅಡುಗೆಮನೆಗೆ ಹೋದರೆ ಹೊಗೆ ಇಲ್ಲ, ಕಲ್ಲಿದ್ದಲು ಇಲ್ಲ, ಬಿಸಿಲಿನ ಶಾಖವನ್ನು ಹಿಡಿದು ಅಡುಗೆ ಮಾಡುತ್ತಾರೆ. ಆಕಾಶದ ನೀರನ್ನು ಬಲೂನು ಕಟ್ಟಿ ಇಳಿಸುತ್ತಾರೆ. ದಿನಕ್ಕೆ 2 ಗಂಟೆ ಕೆಲಸ ಸಾಕು. ಅದು ಹೇಗೆ ಅಂತ ಕೇಳಿದರೆ ಸರಳ ಲೆಕ್ಕ: ಒಂದು ಚುರುಟು ಸೇದಲು ಅರ್ಧ ಗಂಟೆ ಬೇಕು, ಗಂಡಸು ದಿನಕ್ಕೆ 12 ಚುರುಟು ಸೇದಿದರೆ 6 ಗಂಟೆ ಹೋಯಿತು. ಈ ಲೆಕ್ಕ ಓದುವಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ. ಹೊಸ ಲೋಕವನ್ನು ಕಟ್ಟಿದ್ದು ಮಂತ್ರದಿಂದ ಅಲ್ಲ, ಮನೆಯ ಲೆಕ್ಕದಿಂದ. ನೂರಾರು ವರ್ಷದಿಂದ ಮನೆ ನಡೆಸಿದವರು ಹಾಕುವ ಲೆಕ್ಕ ಅದು. ರೊಕೆಯಾರ ಗಂಡ ಪ್ರವಾಸದಿಂದ ಬಂದವರು ನಿಂತುಕೊಂಡೇ ಪೂರ್ತಿ ಓದಿ, ಭಯಂಕರ ಸೇಡು ಅಂದರಂತೆ. ಅದನ್ನು ರೊಕೆಯಾ ಅವರೇ ಬರೆದುಕೊಂಡಿದ್ದಾರೆ. ಆ ಗಂಡ ಒಳ್ಳೆಯವರು, ಓದಲು ಬರೆಯಲು ಹುರಿದುಂಬಿಸಿದವರು. ಮುಂದೆ ರೊಕೆಯಾ 1911ರಲ್ಲಿ ಕಲ್ಕತ್ತಾದಲ್ಲಿ ಹುಡುಗಿಯರಿಗೆ ಶಾಲೆ ನಡೆಸಿದ್ದು ಅವರ ಹೆಸರಿನಲ್ಲೇ.

ಹಾರುವ ಬಂಡಿ, ಬಿಸಿಲಿನ ಒಲೆ ರೊಕೆಯಾರಿಗೆ ಹೇಗೆ ಗೊತ್ತಿತ್ತು? ನೋಡಿರಲಿಲ್ಲ. ಬೇಕಿತ್ತು, ಅದಕ್ಕೇ ಕಂಡಿತು.

ಇನ್ನೊಂದು ಕತೆ, ಇದಕ್ಕೆ ತೀರಾ ಬೇರೆ. ಅಮೆರಿಕದ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರ ‘ದಿ ಯೆಲ್ಲೋ ವಾಲ್‌ಪೇಪರ್’, 1892ರದ್ದು. ಬಾಣಂತನದ ನಂತರ ಮಂಕಾದ ಹೆಂಗಸನ್ನು ಡಾಕ್ಟರ್ ಗಂಡ ಒಂದು ಕೋಣೆಯಲ್ಲಿ ಮಲಗಿಸುತ್ತಾನೆ. ಬರೆಯಬಾರದು, ಯೋಚಿಸಬಾರದು, ವಿಶ್ರಾಂತಿ ಮಾತ್ರ. ಗೋಡೆಗೆ ಅಂಟಿಸಿದ ಹಳದಿ ಕಾಗದದ ಚಿತ್ತಾರದ ಹಿಂದೆ ಒಬ್ಬಳು ತೆವಳುವುದು ಅವಳಿಗೆ ಕಾಣಲು ಶುರುವಾಗುತ್ತದೆ. ಗಿಲ್ಮನ್ ಅವರಿಗೇ ಒಬ್ಬ ಡಾಕ್ಟರ್ ಪೆನ್ನು ಮುಟ್ಟಬೇಡ ಅಂತ ಹೇಳಿದ್ದರು. ಆದ್ದರಿಂದ ಇದು ಅನುಭವವೂ ಹೌದು. ಆದರೆ ನೋಡಿ, ನಡೆದದ್ದನ್ನು ನಡೆದ ಹಾಗೆ ಬರೆದಿದ್ದರೆ ಅದೊಂದು ದೂರು ಆಗುತ್ತಿತ್ತು. ಗೋಡೆಯೊಳಗಿನ ಆ ಹೆಂಗಸು ಬಂದ ಮೇಲೆ ಅದು ಓದಿದವರನ್ನು ರಾತ್ರಿ ಮಲಗಲು ಬಿಡದ ಕತೆಯಾಯಿತು. ಅನುಭವ ಬರೆಯಿರಿ ಅನ್ನುವವರಿಗೆ ಇದನ್ನು ಕೊಡಿ.

ಈಗ ಮುಚ್ಚಿಲೋಟ್ ಹುಡುಗಿಗೆ ಹತ್ತಿರದ ನೆಂಟಳು. ಆಕ್ಟೇವಿಯಾ ಬಟ್ಲರ್, ಅಮೆರಿಕದ ಕಪ್ಪು ಲೇಖಕಿ, 1947ರಿಂದ 2006ರವರೆಗೆ ಬದುಕಿದ್ದವರು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. 1984ರಲ್ಲಿ ‘ಬ್ಲಡ್‌ಚೈಲ್ಡ್’ ಬರೆದರು. ಬೇರೆ ಗ್ರಹದ ಜೀವಿಗಳ ನಡುವೆ ಮನುಷ್ಯರು ಆಶ್ರಯ ಪಡೆದಿದ್ದಾರೆ. ಅದಕ್ಕೆ ಬದಲಾಗಿ ಆ ಜೀವಿಗಳ ಮೊಟ್ಟೆಗಳನ್ನು ತಮ್ಮ ಮೈಯಲ್ಲಿ ಹೊರಬೇಕು. ಹೊರುವವರು ಹೆಚ್ಚಾಗಿ ಗಂಡುಹುಡುಗರು. ಬಟ್ಲರ್ ಇದನ್ನು ತನ್ನ ‘ಬಸುರಿ ಗಂಡಸಿನ ಕತೆ’ ಅಂತ ಕರೆಯುತ್ತಿದ್ದರು. ಹೆರಿಗೆಯ ನೋವು ಹೇಗೆ ಗೊತ್ತು ಅಂತ ಅವರನ್ನು ಯಾರೂ ಊರಿಂದ ಹೊರಗೆ ಹಾಕಲಿಲ್ಲ. ವಿಜ್ಞಾನ ಕತೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡನ್ನೂ ಕೊಟ್ಟರು. ಓದುವಾಗ ಹೊಟ್ಟೆ ತೊಳಸುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಹುಡುಗನಿಗೂ ಆ ಜೀವಿಗೂ ನಡುವೆ ಇರುವ ಪ್ರೀತಿ, ಭಯ, ಋಣ ಮೂರೂ ಬಿಡಿಸಲಾಗದ ಹಾಗೆ ಹೆಣೆದುಕೊಂಡಿವೆ. ನಮ್ಮಲ್ಲಿ ದೈವದ ಜೊತೆ ಕುಟುಂಬಕ್ಕೆ ಇರುವ ನಂಟು ಗೊತ್ತಿರುವವರಿಗೆ ಇದು ಬೇಗ ಹಿಡಿಯುತ್ತದೆ ಅಂತ ನನ್ನ ಎಣಿಕೆ.

ಅನುಭವದ ವಾದ ಎಷ್ಟು ಟೊಳ್ಳು ಅಂತ ತಿಳಿಯಲು ಜೇಮ್ಸ್ ಟಿಪ್ಟ್ರಿ ಜೂನಿಯರ್ ಕತೆ ಸಾಕು. 1960ರ ದಶಕದ ಕೊನೆಯಲ್ಲಿ ಈ ಹೆಸರಿನಲ್ಲಿ ಅದ್ಭುತ ವಿಜ್ಞಾನ ಕತೆಗಳು ಬರತೊಡಗಿದವು. ಇವನು ಸೇನೆಯಲ್ಲಿ ಇದ್ದವನು, ಕಾಡು ಸುತ್ತಿದವನು ಅಂತ ಜನ ಮಾತಾಡಿದರು. ಹೆಂಗಸಿರಬಹುದು ಅನ್ನುವ ಗುಮಾನಿಯೂ ಇತ್ತು. ಹೆಸರಾಂತ ಲೇಖಕ ರಾಬರ್ಟ್ ಸಿಲ್ವರ್‌ಬರ್ಗ್ 1975ರಲ್ಲಿ ಮುನ್ನುಡಿ ಬರೆದು, ಈ ಬರವಣಿಗೆಯಲ್ಲಿ ಗಂಡಸುತನ ಎದ್ದು ಕಾಣುತ್ತದೆ, ಹೆಂಗಸಿರಲು ಸಾಧ್ಯವೇ ಇಲ್ಲ ಅಂದರು. ಎರಡೇ ವರ್ಷದಲ್ಲಿ ಬಯಲಾಯಿತು: ಟಿಪ್ಟ್ರಿ ಅಂದರೆ ಆಲಿಸ್ ಶೆಲ್ಡನ್, 60 ದಾಟಿದ ಹೆಂಗಸು. ಆ ಅಡ್ಡಹೆಸರು ಅಂಗಡಿಯಲ್ಲಿ ಕಂಡ ಮಾರ್ಮಲೇಡ್ ಬಾಟಲಿಯ ಮೇಲಿನದ್ದು. ಅವರ ‘ದಿ ವಿಮೆನ್ ಮೆನ್ ಡೋಂಟ್ ಸೀ’ (1973) ಓದಿ. ವಿಮಾನ ಬಿದ್ದು ಕಾಡಿನಲ್ಲಿ ಸಿಕ್ಕಿಕೊಂಡ ತಾಯಿ ಮಗಳು, ಬೇರೆ ಲೋಕದವರು ಬಂದಾಗ ಅವರ ಜೊತೆ ಹೋಗಿಬಿಡುತ್ತಾರೆ. ಕತೆ ಹೇಳುವ ಗಂಡಸಿಗೆ ಕೊನೆವರೆಗೂ ಅರ್ಥ ಆಗುವುದಿಲ್ಲ, ಇವರು ಯಾಕೆ ಹೋದರು ಅಂತ. ಓದುವ ನಮಗೆ ಅರ್ಥ ಆಗಿರುತ್ತದೆ.

ನಮ್ಮ ದೇಶದವರಲ್ಲಿ ವಂದನಾ ಸಿಂಗ್ ಅವರನ್ನು ಖಂಡಿತ ಓದಿ. ದೆಹಲಿಯಲ್ಲಿ ಬೆಳೆದು ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸಿದವರು. ತಾನೊಂದು ಗ್ರಹ ಅಂತ ಒಂದು ದಿನ ಗಂಡನಿಗೆ ಹೇಳುವ ಕಮಲಾ ಅನ್ನುವ ಗೃಹಿಣಿಯ ಕತೆ ಅವರದ್ದು. ಗಂಡ ನಿವೃತ್ತ ಅಧಿಕಾರಿ, ಅವನಿಗೆ ಮರ್ಯಾದೆಯ ಚಿಂತೆ. ಅವಳಿಗೆ ತನ್ನ ಮೇಲೆ ವಾಸಿಸುವ ಸಣ್ಣ ಜೀವಿಗಳ ಚಿಂತೆ. ಬಂಗಾಳಿಯ ಲೀಲಾ ಮಜುಂದಾರ್ ಅವರ ಭೂತದ ಕತೆಗಳೂ ಒಳ್ಳೆಯವೇ. ಕೊರಿಯಾದ ಬೋರಾ ಚುಂಗ್ ಅವರ ಒಂದು ಕತೆಯಲ್ಲಿ ಕಕ್ಕಸಿನ ಗುಂಡಿಯಿಂದ ಒಂದು ತಲೆ ಎದ್ದು "ಅಮ್ಮಾ" ಅನ್ನುತ್ತದೆ. ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ. ಇವರನ್ನೆಲ್ಲ ನಿಧಾನಕ್ಕೆ ಓದಿದರೂ ನಡೆಯುತ್ತದೆ, ಅವಸರ ಇಲ್ಲ.

ಅವಸರ ಇರುವುದು ಒಂದೇ ಒಂದು ಕತೆಗೆ, ಉರ್ಸುಲಾ ಲೆ ಗ್ವಿನ್ 1973ರಲ್ಲಿ ಬರೆದ ಓಮೆಲಾಸ್ ಊರಿನ ಕತೆಗೆ. ಐದಾರು ಪುಟ ಇರಬಹುದು. ಓಮೆಲಾಸ್ ಸುಖವಾದ ಊರು. ಹಬ್ಬ, ಹಾಡು, ಕುದುರೆ. ಅಲ್ಲಿ ಒಂದು ನೆಲಮಾಳಿಗೆಯಲ್ಲಿ ಒಂದು ಮಗುವನ್ನು ಕತ್ತಲಲ್ಲಿ, ಹೇಸಿಗೆಯಲ್ಲಿ ಕೂಡಿಹಾಕಿದ್ದಾರೆ. ಊರಿನ ಸುಖವೆಲ್ಲ ಆ ಮಗುವಿನ ಸಂಕಟದ ಮೇಲೆ ನಿಂತಿದೆ. ಇದು ಊರಿನ ಎಲ್ಲರಿಗೂ ಗೊತ್ತು. ಕೆಲವರು ನೋಡಿ ಬರುತ್ತಾರೆ, ಅಳುತ್ತಾರೆ, ಮತ್ತೆ ಬದುಕುತ್ತಾರೆ. ಕೆಲವರು ಮಾತ್ರ ಊರು ಬಿಟ್ಟು ನಡೆದು ಹೋಗುತ್ತಾರೆ.

ಪೆರ್ಲ ಇರುವ ಎಣ್ಮಕಜೆ ಪಂಚಾಯತಿನಲ್ಲಿ ಬೆಳೆದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಅದು ಸುರಂಗದ ನೀರಿಗೂ ಇಳಿಯಿತು. ಪಡ್ರೆಯ ಕಡೆ ಮನೆಮನೆಯಲ್ಲಿ ತಲೆ ಎತ್ತಲಾಗದ ಮಕ್ಕಳನ್ನು ತಾಯಂದಿರು ಮಡಿಲಲ್ಲಿಟ್ಟುಕೊಂಡು ಸಾಕಿದರು. ದೂರದ ಊರಿನ ಮದುವೆಮನೆಯ ಪಾಯಸದಲ್ಲಿ ಗೋಡಂಬಿ ತೇಲುತ್ತಿತ್ತು. ಲೆ ಗ್ವಿನ್ ಅವರಿಗೆ ಕಾಸರಗೋಡು ಗೊತ್ತಿರಲಿಲ್ಲ. ಹೆಲಿಕಾಪ್ಟರ್ ಬರುವುದಕ್ಕೂ ಮೊದಲು ಬರೆದ ಕತೆ ಅದು. ಆದರೂ ನಾನು ಅದನ್ನು ಓದುವಾಗೆಲ್ಲ ಆ ಮಗುವಿನ ಪಕ್ಕದಲ್ಲಿ ಒಬ್ಬ ತಾಯಿಯನ್ನು ಕೂರಿಸಿಬಿಡುತ್ತೇನೆ. ಲೆ ಗ್ವಿನ್ ಕತೆಯಲ್ಲಿ ತಾಯಿ ಬರುವುದು ಮಗುವಿನ ನೆನಪಿನ ಒಂದು ದನಿಯಾಗಿ ಮಾತ್ರ. ಬಿಟ್ಟು ನಡೆದು ಹೋಗುವವರು ಇದ್ದಾರೆ, ಬಿಟ್ಟು ಹೋಗದೆ ಕೂತವಳು ಇಲ್ಲ. ಅವಳ ಕತೆ ಯಾರು ಬರೆಯಬೇಕು? ಹೊರಗಿನವರಿಗೆ ಅರ್ಥ ಆಗುತ್ತಾ ಅಂತ ಕೇಳಿದ್ದಿರಲ್ಲ, ಅದಕ್ಕೆ ನನ್ನ ಉತ್ತರ ಇಲ್ಲೇ ಇದೆ. ಎಲ್ಲೋ ಕೂತು ಬರೆದ ಓಮೆಲಾಸ್ ನಿಮಗೆ ಅರ್ಥ ಆಗುತ್ತದೆ ಅಂತಾದರೆ ನಿಮ್ಮ ಪೆರ್ಲ ಅವರಿಗೂ ಅರ್ಥ ಆಗುತ್ತದೆ.

ಕನ್ನಡದಲ್ಲಿ ಯಾರಿದ್ದಾರೆ ಅಂತ ನೀವು ಕೇಳಿಯೇ ಕೇಳುತ್ತೀರಿ. ಅಚ್ಚಾದ ಸಣ್ಣಕತೆಯಲ್ಲಿ ನಮ್ಮ ಹೆಂಗಸರ ಮುಖ್ಯ ದಾರಿ ವಾಸ್ತವದ್ದೇ. ಕೊಡಗಿನ ಗೌರಮ್ಮನವರಿಂದ ಹಿಡಿದು ವೈದೇಹಿಯವರವರೆಗೆ, ಮುಚ್ಚಿದ ಬಾಗಿಲ ಹಿಂದೆ ಏನಾಗುತ್ತದೆ ಅಂತ ಹೇಳುವುದೇ ದೊಡ್ಡ ಕೆಲಸವಾಗಿತ್ತು. ನಿಮ್ಮ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರನ್ನೇ ನೋಡಿ. ಅಲ್ಲಿನ ಮುಸ್ಲಿಂ ಹುಡುಗಿಯರಲ್ಲಿ ಶಾಲೆ ಮೆಟ್ಟಿಲು ಹತ್ತಿದ ಮೊದಲಿಗರಲ್ಲಿ ಒಬ್ಬರು, ಕನ್ನಡದಲ್ಲಿ ಓದಿದವರು. ಅವರ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ನಡೆಯುವುದು ಯಾವ ಕನಸಿನ ಲೋಕದಲ್ಲೂ ಅಲ್ಲ, ಹಾಗಾಗಿಯೇ ಅದಕ್ಕೆ ಅಷ್ಟು ಬಲ. ಅವರ ದಾರಿ ದೊಡ್ಡದು. ಆದರೆ ಅದೊಂದೇ ದಾರಿ ಅಂತ ಅವರು ಯಾರಿಗೂ ಹೇಳಲಿಲ್ಲ.

ಅಚ್ಚಿನ ಆಚೆಗೆ ಬನ್ನಿ, ಆಗ ಬೇರೆಯೇ ಕಾಣುತ್ತದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಜನಪದ ಕತೆ ಇದೆ. ಒಬ್ಬ ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಇದ್ದು ಇದ್ದು ಅವಕ್ಕೆ ಉಸಿರುಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಕತೆ ಹೊರಗೆ ಬಂದು ಜೋಡು ಚಪ್ಪಲಿಯಾಯಿತು, ಹಾಡು ಗಂಡಸಿನ ಅಂಗಿಯಾಯಿತು. ಗಂಡ ಬಂದು ನೋಡಿದ, ಬಂದವರು ಯಾರು ಅಂತ ಜಗಳ ತೆಗೆದ. ಸಿಟ್ಟಿನಲ್ಲಿ ಕಂಬಳಿ ತೆಗೆದುಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಊರಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಅಲ್ಲಿ ಸೇರಿ ಮಾತಾಡುತ್ತಿದ್ದವು. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನು ಹೇಳಿತು, ಅವನು ಕೇಳಿಸಿಕೊಂಡ. ಮನೆಗೆ ಹೋಗಿ ಹೆಂಡತಿಯನ್ನು ಆ ಕತೆ, ಆ ಹಾಡು ಯಾವುದು ಅಂತ ಕೇಳಿದರೆ, ಅವಳಿಗೆ ಎರಡೂ ಮರೆತು ಹೋಗಿದ್ದವು. ಗಿರೀಶ ಕಾರ್ನಾಡರ 1988ರ ‘ನಾಗಮಂಡಲ’ದಲ್ಲಿ ದೀಪಗಳು ಮಾತಾಡುವುದು ಈ ಕತೆಯಿಂದಲೇ.

ಇದನ್ನು ಕಟ್ಟಿದ ಹೆಂಗಸರ ಹೆಸರು ಎಲ್ಲೂ ಬರೆದಿಲ್ಲ. ನೇಜಿ ನೆಡುವಾಗ ಒಬ್ಬಳು ಎತ್ತಿ ಕೊಟ್ಟು ಉಳಿದವರು ಸೊಲ್ಲು ಸೇರಿಸುವ ತುಳು ಪಾಡ್ದನಗಳಿಗೂ ಹಾಗೇ. ಕಾರ್ಕಳದ ಅರಸ ಅಣ್ಣನ ಒಂದು ಕೈ ಒಂದು ಕಾಲು ಕಡಿಸಿದ ಅಂತ ಮಾಯವಾಗಿ, ಭೂತವಾಗಿ ಬಂದು ಊರಿಗೇ ಬೆಂಕಿ ಇಡುವ ಕಲ್ಲುರ್ಟಿ. ಚೆನ್ನೆಮಣೆ ಆಡುತ್ತಾ ಜಗಳವಾಗಿ ಅಕ್ಕತಂಗಿಯರು ಬಾವಿ ಸೇರುವ ಸಿರಿಯ ಪಾಡ್ದನ. ನಮ್ಮಜ್ಜಿ ರಾತ್ರಿ ಅಡಿಕೆ ಸುಲಿಯುತ್ತಾ ಇಂಥದ್ದನ್ನು ಹೇಳುತ್ತಿದ್ದರು. ಗಂಡಸರು ಯಾರಾದರೂ ಜಗಲಿಗೆ ಬಂದರೆ ಕತೆ ಅಲ್ಲೇ ನಿಲ್ಲುತ್ತಿತ್ತು, ಸುಲಿಯುವ ಕತ್ತಿಯ ಸದ್ದು ಮಾತ್ರ ಉಳಿಯುತ್ತಿತ್ತು. ಹೋದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಯುತ್ತಿತ್ತು. ಹಾಗಾಗಿ ಅಡಗೂಲಜ್ಜಿ ಕತೆ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆ ಹಿರಿಯರು ನಿಮ್ಮ ಮನೆತನದ ಹೆಸರು ಹೇಳಿದ್ದಾರೆ ಅಂತ ತಿಳಿಯಿರಿ.

ಇನ್ನು ನಿಮ್ಮ ಕತೆಗೆ ಬರುತ್ತೇನೆ. ಸುರಂಗ ಆರಿಸಿದ್ದು ಬಹಳ ಸರಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬರು ಮಾತ್ರ ಹೋಗುವಷ್ಟು ಅಗಲಕ್ಕೆ ಕೊರೆದ ದಾರಿ. ಜಗತ್ತಿನ ಎಷ್ಟು ಲೇಖಕಿಯರಿಗೆ ಮನೆ ಹಿಂದೆಯೇ ಇಂಥದ್ದು ಇರುತ್ತದೆ ಹೇಳಿ? ಆದರೆ ನಿಮ್ಮ ಕತೆಯಲ್ಲಿ ಹೆಂಗಸು ತುಂಬಾ ಬೇಗ ಆಚೆ ತಲುಪುತ್ತಾಳೆ. ಒಳಗೆ ಸ್ವಲ್ಪ ಹೊತ್ತು ಇರಲಿ. ಪಾದದ ಕೆಳಗೆ ತಣ್ಣಗೆ ಹರಿಯುವ ನೀರು, ತಲೆಗೆ ತಾಗುವ ಬಾವಲಿ, ಗೋಡೆಯಲ್ಲಿ ಪಿಕ್ಕಾಸಿನ ಗುರುತು. ಕ್ಯಾಂಡಲ್ ಯಾಕೆ ಒಯ್ಯುತ್ತಾರೆ ಅಂತ ಹೇಳಿ. ಬೆಳಕಿಗೆ ಮಾತ್ರ ಅಲ್ಲ, ಕುಡಿ ಸಣ್ಣದಾದರೆ ಗಾಳಿ ಕಡಿಮೆಯಾಗಿದೆ ಅಂತ, ತಿರುಗಿ ಬರಬೇಕು ಅಂತ. ಇದು ಸುರಂಗ ತೋಡುವವರ ನಿಯಮ. ನಿಮ್ಮ ಅದ್ಭುತವನ್ನು ಈ ನಿಯಮಕ್ಕೆ ಕಟ್ಟಿ. ಓದುಗ ನಿಜವಾದ ಕ್ಯಾಂಡಲನ್ನು ನಂಬಿದರೆ ಆಮೇಲಿನ ಸುಳ್ಳನ್ನೂ ನಂಬುತ್ತಾನೆ. ಅಸಾಧ್ಯದ ಸಂಗತಿ ಕತೆಯಲ್ಲಿ ಒಂದೇ ಇರಲಿ. ಈಗ ನಿಮ್ಮಲ್ಲಿ ಮೂರಿವೆ: ಕಾಲ ಬದಲಾಗುತ್ತದೆ, ಭೂತವಾದ ಗುಳಿಗ ಮಾತಾಡುತ್ತಾನೆ, ದನವೂ ಮಾತಾಡುತ್ತದೆ. ದನವನ್ನು ಇನ್ನೊಂದು ಕತೆಗೆ ಇಟ್ಟುಕೊಳ್ಳಿ.

ಅವಳು ಯಾವ ಕಾಲಕ್ಕೆ ಹೋಗುತ್ತಾಳೆ ಅನ್ನುವುದನ್ನು ನೀವು ಮಸುಕಾಗಿ ಬಿಟ್ಟಿದ್ದೀರಿ. ನನಗೆ ಅಲ್ಲಿ ಆಸೆಯಾಯಿತು. ನಿಮ್ಮ ಊರಿನಲ್ಲಿ ನೆಲ ಅಲುಗಾಡದೆ ರಾಜ್ಯ ಬದಲಾಗಿದೆ. 1956ರ ಅಕ್ಟೋಬರ್ 31ರ ರಾತ್ರಿ ಮದ್ರಾಸ್ ರಾಜ್ಯದಲ್ಲಿ ಮಲಗಿದವರು ಬೆಳಗ್ಗೆ ಕೇರಳದಲ್ಲಿ ಎದ್ದರು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂತ ಹೇಳಿತು, ಜಾರಿಯಾಗಲಿಲ್ಲ. ಆಗಿದ್ದರೆ ಏನಾಗುತ್ತಿತ್ತು ಅಂತ ನಿಮ್ಮ ಹೋಟೆಲುಗಳಲ್ಲಿ ಈಗಲೂ ಚಾ ಕುಡಿಯುತ್ತಾ ಮಾತಾಡುತ್ತಾರೆ. ನಡೆಯದ ಚರಿತ್ರೆಯನ್ನು ನಡೆದಂತೆ ಬರೆಯುವುದು ಈ ಬಗೆಯ ಸಾಹಿತ್ಯದಲ್ಲಿ ದೊಡ್ಡ ಕವಲು. ನಿಮ್ಮ ಹೆಂಗಸು ಆ ನಡೆಯದ ಕಾಲಕ್ಕೆ ಹೊರಬಂದರೆ? ಅದೇ ಗುಡ್ಡ, ಅದೇ ತೋಟ, ಅಡಿಕೆ ಮರದ ದಂಬೆಯಲ್ಲಿ ಅದೇ ನೀರು. ಬಸ್ಸಿನ ಬೋರ್ಡು ಮಾತ್ರ ಬೇರೆ ಭಾಷೆಯಲ್ಲಿ. ಅವಳಿಗೆ ಅಲ್ಲಿ ಒಳ್ಳೆಯದೇ ಆಗಬೇಕು ಅಂತೇನೂ ಇಲ್ಲ. ಏನು ಸಿಕ್ಕಿತು, ಏನು ಕಳೆಯಿತು, ಇದನ್ನು ಅವಳ ಮನೆಯ ಲೆಕ್ಕದಲ್ಲೇ ಹೇಳಿ, ರೊಕೆಯಾ ಚುರುಟು ಎಣಿಸಿದ ಹಾಗೆ.

ಭಾಷೆಯ ಬಗ್ಗೆ ಒಂದು ಮಾತು. ನಿಮ್ಮ ಪಾತ್ರಗಳೆಲ್ಲ ಪಠ್ಯಪುಸ್ತಕದ ಕನ್ನಡ ಆಡುತ್ತಾರೆ. ಗುಳಿಗ ತುಳುವಿನಲ್ಲಿ ನುಡಿ ಕೊಡಲಿ. ಪಂಚಾಯತಿನ ನೋಟೀಸು ಮಲಯಾಳದಲ್ಲಿ ಬರಲಿ. ಅತ್ತೆ ಮನೆಮಾತಿನಲ್ಲಿ ಬೈಯಲಿ. ಪ್ರತಿಯೊಂದಕ್ಕೂ ಅರ್ಥ ಕೊಡುತ್ತಾ ಕೂರಬೇಡಿ, ಸಂದರ್ಭವೇ ಹೇಳುತ್ತದೆ. ಏಳು ಭಾಷೆಯ ನೆಲ ಅಂತ ಭಾಷಣದಲ್ಲಿ ಕೇಳಿ ಕೇಳಿ ಸಾಕಾಗಿದೆ, ಕತೆಯಲ್ಲಿ ಕೇಳುವುದು ಕಡಿಮೆ.

‘ಸುಲ್ತಾನಾಸ್ ಡ್ರೀಮ್’ ಮತ್ತು ಗಿಲ್ಮನ್ ಕತೆಗಳ ಹಕ್ಕುಸ್ವಾಮ್ಯ ಮುಗಿದಿದೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲು ಅವೆರಡನ್ನು ಓದಿ. ಆಮೇಲೆ ಕತೆಯನ್ನು ಇನ್ನೊಮ್ಮೆ ಬರೆದು ನನಗೆ ಕಳಿಸಿ. ಕೊನೆಯ ಪುಟ ಈಗ ಇರುವ ಹಾಗೆ ಬೇಡ. ಅವಳು ಎಚ್ಚರವಾಗಿ ಕನಸು ಅಂತ ತಿಳಿಯುವುದು ಆ ಹಿರಿಯರಿಗೆ ಹೆದರಿ ಬರೆದದ್ದು ಅಂತ ನನಗೆ ಕಾಣುತ್ತದೆ. ಕ್ಯಾಂಡಲ್ ಆರಿದ ಮೇಲೆ ಆ ಕತ್ತಲಲ್ಲಿ ಅವಳು ಯಾವ ಕಡೆಗೆ ಕೈ ಚಾಚಿದಳು, ಕೈಗೆ ಏನು ತಾಗಿತು, ಅಲ್ಲಿಂದ ಬರೆಯಿರಿ.